ಮಂಟಪ ಮುಳುಗಿತಾ?

ಜುಲೈ ಬಂತೆಂದರೆ ಶಿವಮೊಗ್ಗದಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು, ‘ಮಂಟಪ ಮುಳುಗಿತಾ?’ ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯ ನೀರಲ್ಲೇ ನಿಂತಿರುವ ಕಲ್ಲಿನ ಮಂಟಪ ಅದು. ಅದು ಮುಳುಗಿದರೆ ಹೊಳೆ ತುಂಬಿತು ಅಂತ ಲೆಕ್ಕ. ಬಾಗಿನ ಕೊಡುವವರು, ಸುಮ್ನೆ ನೋಡಲು ಬರುವವರು, ದಡದ ತುಂಬಾ ಜನ.

ನಮ್ಮ ಕೋಟೆ ಏರಿಯಾ ದೊಡ್ಡದೇನಲ್ಲ. ಆಂಜನೇಯಸ್ವಾಮಿ ದೇವಸ್ಥಾನ, ಶಿವಪ್ಪನಾಯಕನ ಅರಮನೆ, ಮಾರಿಕಾಂಬೆಯ ಗುಡಿ, ನಡುವೆ ಗೋಡೆಗೆ ಗೋಡೆ ತಾಗಿದ ಹೆಂಚಿನ ಮನೆಗಳು. ಎರಡು ವರ್ಷಕ್ಕೊಮ್ಮೆ ಮಾರಿ ಜಾತ್ರೆ. ಉಳಿದಂತೆ ನಮಗೆಲ್ಲ ಹೊಳೆಯೇ.

ಈ ಹೊಳೆಯನ್ನು ನೋಡಲು ಕಲಿಸಿದವರು ನಮ್ಮ ಭೂಗೋಳದ ಮೇಷ್ಟ್ರು. ಹೊಳೆ ದಂಡೆಯ ಓಣಿಗಳಿಂದ ಬರುವ ಹುಡುಗರಿಗೆ ಒಂದು ನೋಟ್‌ಬುಕ್ ಕೊಟ್ಟಿದ್ದರು. ಮಳೆಗಾಲದಲ್ಲಿ ಸರದಿ ಪ್ರಕಾರ ಒಬ್ಬೊಬ್ಬರು ಬೆಳಿಗ್ಗೆ ಮಂಟಪ ನೋಡಿಕೊಂಡು ಬರಬೇಕು. ಕಂಬ ಎಷ್ಟು ಕಾಣುತ್ತಿದೆ, ನೀರಿನ ಬಣ್ಣ ಏನು, ಊರಲ್ಲಿ ಮಳೆ ಇದೆಯಾ, ಮೂರನ್ನೂ ಬರೆಯಬೇಕು. ನನ್ನ ಸರದಿಯ ದಿನ ಒಮ್ಮೆ ಊರಲ್ಲಿ ಚೆನ್ನಾಗಿ ಬಿಸಿಲಿತ್ತು. ನೀರು ಮಾತ್ರ ಕೆಂಪಗೆ ಏರುತ್ತಿತ್ತು. ‘ಯಾಕೋ?’ ಎಂದರು. ಯಾರೂ ಹೇಳಲಿಲ್ಲ. ನಕಾಶೆ ಬಿಡಿಸಿ ತುಂಗೆ ಹುಟ್ಟುವ ಗಂಗಾಮೂಲದಿಂದ ಬೆರಳು ಇಟ್ಟರು. ಶೃಂಗೇರಿ, ತೀರ್ಥಹಳ್ಳಿ, ಗಾಜನೂರು, ಆಮೇಲೆ ನಾವು. ‘ಮೇಲೆ ಮಳೆ ಹೊಡೀತಿದೆ. ಗಾಜನೂರು ಚಿಕ್ಕ ಡ್ಯಾಮು, ಬೇಗ ತುಂಬುತ್ತೆ, ಗೇಟು ಎತ್ತಲೇಬೇಕು. ಆ ನೀರೇ ಇದು.’ ಅಷ್ಟೇ ಪಾಠ. ಇವತ್ತಿಗೂ ನಕಾಶೆಯಲ್ಲಿ ಯಾವ ನದಿ ಕಂಡರೂ ನಾನು ಮೊದಲು ಅದರ ಮೇಲ್ಭಾಗ ನೋಡುತ್ತೇನೆ.

ನೀರು ಜಾಸ್ತಿಯಾದರೆ ತಗ್ಗಿನ ಓಣಿಯ ಮಕ್ಕಳು ಶಾಲೆಗೆ ಬರುತ್ತಿರಲಿಲ್ಲ. ಮನೆಯ ಅಕ್ಕಿ, ಹಾಸಿಗೆ ಅಟ್ಟಕ್ಕೇರಿಸುವ ಕೆಲಸ ಇರುತ್ತಿತ್ತು. ಮೇಷ್ಟ್ರು ಅವರಿಗೆ ಗೈರು ಹಾಕುತ್ತಿರಲಿಲ್ಲ. ಇದನ್ನು ನಾನು ಬಹಳ ದೊಡ್ಡ ಗುಣ ಎಂದುಕೊಂಡಿದ್ದೇನೆ.

2019ರ ಆಗಸ್ಟ್‌ನಲ್ಲಿ ಕುಂಬಾರಗುಂಡಿ, ಸೀಗೆಹಟ್ಟಿ, ಇಮಾಂಬಾಡಾ ಕಡೆ ನೀರು ನುಗ್ಗಿದಾಗ ನಾನು ಬೆಂಗಳೂರಿನಲ್ಲಿದ್ದೆ. ಫೋನಿನಲ್ಲಿ ಬಂದ ವಿಡಿಯೊಗಳಲ್ಲಿ ಪರಿಚಯದ ಜಗುಲಿಗಳನ್ನು ಹುಡುಕುತ್ತಾ ಇಡೀ ರಾತ್ರಿ ಕೂತಿದ್ದೆ. ಕ್ಲಾಸಿನ ಗೆಳೆಯರು ಒಬ್ಬರಿಗೊಬ್ಬರು ಫೋನ್ ಮಾಡಿ, ಯಾರ ಮನೆಯವರು ಎಲ್ಲಿದ್ದಾರೆ ಅಂತ ವಿಚಾರಿಸಿಕೊಂಡೆವು.

ಈಗ ದಂಡೆಯಲ್ಲಿ ಓಡಾಡಲು ಒಳ್ಳೆಯ ದಾರಿ ಆಗಿದೆ, ಸಂತೋಷ. ಆದರೆ ‘ಗಂಗಾ ಸ್ನಾನ, ತುಂಗಾ ಪಾನ’ ಎನ್ನುವ ಊರಿನಲ್ಲಿ ಚರಂಡಿ ನೀರು ಹೊಳೆಗೆ ಸೇರುವುದು ಇನ್ನೂ ನಿಂತಿಲ್ಲ ಅಲ್ವಾ? ಅದು ಸಂಕಟ.

ಈಗಿನ ಮೇಷ್ಟ್ರು, ಟೀಚರುಗಳಲ್ಲಿ ಒಂದು ಕೋರಿಕೆ. ಆ ನೋಟ್‌ಬುಕ್ ಪದ್ಧತಿ ಮತ್ತೆ ಶುರು ಮಾಡಿ. ಮೂರರ ಜೊತೆ ನಾಲ್ಕನೆಯದಾಗಿ ನೀರಿನ ವಾಸನೆಯನ್ನೂ ಬರೆಸಿ. ಆದರೆ ಮಕ್ಕಳು ದಡದ ಮೇಲಿಂದಲೇ ನೋಡಲಿ, ಮೆಟ್ಟಿಲು ಇಳಿಯುವುದು ಬೇಡ. ಪ್ರತಿ ವರ್ಷ ಬೇಕಾಗುವ ಖಾಲಿ ನೋಟ್‌ಬುಕ್‌ಗಳನ್ನು ನಾನು ಕಳಿಸಿಕೊಡುತ್ತೇನೆ.