ಕೆರೆ ತುಂಬಿದ ಮೇಲೆ ಆ ನೀರು ಯಾರದು?

ರಾಜ್ಯ ಸರ್ಕಾರದ ನೀರಿನ ಯೋಜನೆಗಳ ಪೈಕಿ ನಾನು ಬಹಳ ಆಸ್ಥೆಯಿಂದ ಗಮನಿಸುತ್ತ ಬಂದಿರುವುದು ಕೋಲಾರದ ಕೆ.ಸಿ. ವ್ಯಾಲಿ ಯೋಜನೆಯನ್ನು. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಒಳಚರಂಡಿ ನೀರನ್ನು ಎರಡು ಹಂತಗಳಲ್ಲಿ ಸಂಸ್ಕರಿಸಿ, ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಆ ಸೀಮೆಗೆ ದಿನಕ್ಕೆ 44 ಕೋಟಿ ಲೀಟರ್ ಹರಿಸಿ 126 ಕೆರೆಗಳನ್ನು ತುಂಬಿಸುವುದು ಸಣ್ಣ ನೀರಾವರಿ ಇಲಾಖೆಯ ಗುರಿಯಾಗಿತ್ತು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಬಂತು. ಕೆಲವೇ ವಾರಗಳಲ್ಲಿ ನೊರೆ ಕಾಣಿಸಿಕೊಂಡು, ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ರೈತರ ಬೇಡಿಕೆ ನ್ಯಾಯವಾದದ್ದು. ಅದು ಇನ್ನೂ ಈಡೇರದಿರುವುದು ನನಗೆ ನೋವಿನ ಸಂಗತಿ.

ಆದರೆ ನೀರಿನ ಗುಣಮಟ್ಟದಷ್ಟು ಚರ್ಚೆಯಾಗದ ಇನ್ನೊಂದು ವಿಷಯವಿದೆ. ಹಿಂದೆ ಕೆರೆ ತುಂಬಿದರೆ ನೀರಗಂಟಿ ತೂಬೆತ್ತಿ, ಅಚ್ಚುಕಟ್ಟಿನ ಮೇಲಿನ ಗದ್ದೆಯಿಂದ ಕೊನೆಯ ಗದ್ದೆಯವರೆಗೆ ಸರದಿಯಂತೆ ನೀರು ಬಿಡುತ್ತಿದ್ದ. ನೀರು ಕಡಿಮೆಯಾದ ವರ್ಷ ಯಾರಿಗೆ ಎಷ್ಟು ಎಂಬುದನ್ನು ಊರಿನವರು ಕೂತು ತೀರ್ಮಾನಿಸುತ್ತಿದ್ದರು. ಈ ಯೋಜನೆಯ ನೀರು ಅಂತರ್ಜಲ ಮರುಪೂರಣಕ್ಕೆ ಮಾತ್ರ ಮೀಸಲು, ನೇರವಾಗಿ ಹೊಲಕ್ಕೆ ಹಾಯಿಸುವಂತಿಲ್ಲ. ಸಂಸ್ಕರಿಸಿದ ನೀರಾದ್ದರಿಂದ ಈ ನಿರ್ಬಂಧ ಸರಿಯಾದದ್ದೇ. ಅದರ ಫಲವಾಗಿ ತೂಬು ಮುಚ್ಚಿಯೇ ಇರುತ್ತದೆ, ಇಂಗಿದ ನೀರು ಬೋರ್‌ವೆಲ್‌ಗಳ ಮೂಲಕ ಮೇಲೆ ಬರುತ್ತದೆ. ಸಾವಿರ ಅಡಿ ಕೊರೆಸಿ ಮೋಟಾರು ಇಳಿಸುವ ಶಕ್ತಿಯಿದ್ದವನು ಟೊಮೆಟೊ ಬೆಳೆಯುತ್ತಾನೆ. ಪಕ್ಕದಲ್ಲೇ ಒಂದು ಎಕರೆ ಇಟ್ಟುಕೊಂಡು ಬೋರ್ ಕೊರೆಸಲಾಗದವನಿಗೆ ತುಂಬಿದ ಕೆರೆ ಕಣ್ಣಿಗೆ ಮಾತ್ರ. ಸರ್ಕಾರದ ದುಡ್ಡಿನಲ್ಲಿ ಇಡೀ ಊರಿಗೆಂದು ತಂದ ನೀರು, ನೆಲದೊಳಗೆ ಇಳಿಯುತ್ತಿದ್ದಂತೆ ಮೋಟಾರಿದ್ದವರ ಸ್ವತ್ತಾಗುತ್ತದೆ.

ಇದನ್ನು ಸರಿಪಡಿಸುವ ದಾರಿಗಳು ಇಲ್ಲವೆಂದಲ್ಲ. ಅಂತರ್ಜಲ ಬಳಕೆಯನ್ನು ನಿಯಂತ್ರಿಸಲು 2011ರ ರಾಜ್ಯ ಕಾಯಿದೆಯಿದೆ. ಅಧಿಸೂಚಿತ ಪ್ರದೇಶದಲ್ಲಿ ಬಾವಿ ಕೊರೆಸಲು ಅನುಮತಿ ಕಡ್ಡಾಯ. 2002ರಲ್ಲಿ ಆರಂಭವಾದ ಜಲಸಂವರ್ಧನೆ ಯೋಜನೆ ಕೆರೆ ಬಳಕೆದಾರರ ಸಂಘಗಳನ್ನು ಕಟ್ಟಿತ್ತು. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜಲ ಆಯವ್ಯಯ, ಅಂದರೆ ಎಷ್ಟು ನೀರಿದೆ, ಎಷ್ಟು ಬಳಕೆಯಾಗುತ್ತದೆ ಎಂಬ ಲೆಕ್ಕ, ತಯಾರಿಸುವ ಪದ್ಧತಿಯೂ ಅಟಲ್ ಭೂಜಲ ಯೋಜನೆಯ ಮೂಲಕ ರಾಜ್ಯಕ್ಕೆ ಬಂದಿದೆ. ಇವೆಲ್ಲ ಬೇರೆ ಬೇರೆ ಇಲಾಖೆಗಳ ಕಡತಗಳಲ್ಲಿ ಉಳಿದಿರುವುದರಿಂದ, ಕೆರೆಗೆ ಬಂದ ನೀರನ್ನು ಅಳೆಯುವವರಿಗೂ ಬೋರ್‌ವೆಲ್‌ಗೆ ಅನುಮತಿ ಕೊಡುವವರಿಗೂ ಸಂಬಂಧವೇ ಇಲ್ಲದಂತಾಗಿದೆ.

ಮುಂದೆ ಯಾವುದೇ ಕೆರೆ ತುಂಬಿಸುವ ಯೋಜನೆಗೆ ಮಂಜೂರಾತಿ ನೀಡುವಾಗ ಪೈಪು, ಪಂಪ್‌ಹೌಸ್‌ಗಳ ಅಂದಾಜಿನ ಜೊತೆಗೆ ಆ ಕೆರೆಯ ಸುತ್ತಲಿನ ಬೋರ್‌ವೆಲ್‌ಗಳ ಪಟ್ಟಿ, ಅವು ಎತ್ತಬಹುದಾದ ನೀರಿನ ಮಿತಿ ಹಾಗೂ ಬೋರ್‌ವೆಲ್ ಇಲ್ಲದ ಸಣ್ಣ ಹಿಡುವಳಿದಾರರಿಗೆ ಸಾಮೂಹಿಕ ಬಾವಿಯ ವ್ಯವಸ್ಥೆ ಇವು ವಿವರವಾದ ಯೋಜನಾ ವರದಿಯಲ್ಲೇ ಇರಬೇಕು. ಅವನ್ನು ಗ್ರಾಮಸಭೆಯ ಮುಂದಿಟ್ಟು ಒಪ್ಪಿಗೆ ಪಡೆದ ನಂತರವೇ ಟೆಂಡರ್ ಕರೆಯಬೇಕು.