ರಾಕೆಟ್ ಮೇಲಿರುವ ಆ ಹೆಸರು ಯಾರದು?

ಶಟಲ್ ಕೋರ್ಟಿನಲ್ಲಿ ನನ್ನ ರಾಕೆಟ್ ಕೈಗೆತ್ತಿಕೊಂಡ ಹುಡುಗರೆಲ್ಲ ಕೇಳುವ ಪ್ರಶ್ನೆ ಒಂದೇ: ‘ಅಂಕಲ್, ಲಿ ನಿಂಗ್ ಅಂದ್ರೆ ಬರೀ ಕಂಪನಿ ಹೆಸರಾ, ಮನುಷ್ಯನ ಹೆಸರಾ?’ ಮನುಷ್ಯನ ಹೆಸರೇ ಅಂದ ತಕ್ಷಣ ಮುಂದಿನ ಮಾತು ಬರುತ್ತದೆ. ‘ಹಾಗಾದ್ರೆ ದೊಡ್ಡ ಬ್ಯಾಡ್ಮಿಂಟನ್ ಆಟಗಾರ, ಅಲ್ವಾ?’

ಅಲ್ಲ. ಲಿ ನಿಂಗ್ ಜಿಮ್ನಾಸ್ಟ್. ಆತನ ಕಥೆಯನ್ನು ಎಷ್ಟು ಸಲ ಹೇಳಿದರೂ ನನಗೆ ಬೇಜಾರಾಗಿಲ್ಲ.

ದಕ್ಷಿಣ ಚೀನಾದ ಗುವಾಂಗ್‌ಶಿ ಪ್ರಾಂತ್ಯದವರು. ಅಲ್ಲಿನ ಝುವಾಂಗ್ ಜನಾಂಗಕ್ಕೆ ಸೇರಿದವರು. 1982ರಲ್ಲಿ ಜಾಗ್ರೆಬ್‌ನಲ್ಲಿ ವಿಶ್ವಕಪ್ ನಡೆದಾಗ ಇನ್ನೂ ಹತ್ತೊಂಬತ್ತರ ಆಸುಪಾಸು. ಗಂಡಸರ ವಿಭಾಗದಲ್ಲಿದ್ದದ್ದು ಏಳು ಚಿನ್ನ. ಅದರಲ್ಲಿ ಆರು ಈ ಒಬ್ಬ ಹುಡುಗನ ಪಾಲಾದವು!

ಆಮೇಲೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್. ಮೂರು ಚಿನ್ನ, ಎರಡು ಬೆಳ್ಳಿ, ಒಂದು ಕಂಚು. ಫ್ಲೋರ್, ಅಂದರೆ ನೆಲದ ಮೇಲಿನ ಕಸರತ್ತಿನ ಚಿನ್ನ ಅವರೊಬ್ಬರದ್ದೇ. ಮೇಲಿಂದ ತೂಗುವ ಎರಡು ಬಳೆ ಹಿಡಿದು ಮಾಡುವ ರಿಂಗ್ಸ್‌ನಲ್ಲಿ ಜಪಾನಿನ ಕೋಜಿ ಗುಶಿಕೆನ್ ಜೊತೆ, ಪೊಮೆಲ್ ಹಾರ್ಸ್‌ನಲ್ಲಿ ಅಮೆರಿಕದ ಪೀಟರ್ ವಿಡ್ಮಾರ್ ಜೊತೆ ಸಮಬಲ, ಚಿನ್ನ ಇಬ್ಬರಿಗೂ. ಪೊಮೆಲ್ ಹಾರ್ಸ್ ನೋಡಿಲ್ಲದವರಿಗೆ ಹೇಳುತ್ತೇನೆ. ದಿಂಬಿನಂಥ ಉದ್ದನೆಯ ದಿಮ್ಮಿ, ಮೇಲೆ ಎರಡು ಹಿಡಿ. ಇಡೀ ಮೈಯ ಭಾರ ಕೈಗಳ ಮೇಲೆ. ಕಾಲುಗಳು ಗಡಿಯಾರದ ಮುಳ್ಳಿನ ಹಾಗೆ ಸುತ್ತುತ್ತಲೇ ಇರಬೇಕು. ಒಂದು ಕೈ ಎತ್ತಿ ಇನ್ನೊಂದಕ್ಕೆ ಭಾರ ಬದಲಿಸುವ ಆ ಚೂರು ಹೊತ್ತಿನಲ್ಲಿ ಕಾಲು ದಿಮ್ಮಿಗೆ ತಗುಲಿದರೂ ಅಂಕ ಹೋಯಿತು. ಅದರಲ್ಲಿ ಅವರಿಗೆ ಸಿಕ್ಕಿದ್ದು 20ಕ್ಕೆ 19.950.

ಆ ವರ್ಷ ಸೋವಿಯತ್ ಒಕ್ಕೂಟ ಬಂದಿರಲಿಲ್ಲ, ಅದಕ್ಕೇ ಗೆದ್ದರು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಹಿಂದಿನ ವರ್ಷವಷ್ಟೇ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಲಿ ನಿಂಗ್ ಇದ್ದ ಚೀನಾ ತಂಡ ಸೋವಿಯತ್ ತಂಡವನ್ನೇ ಹಿಂದಿಕ್ಕಿ ಚಿನ್ನ ಗೆದ್ದಿತ್ತು.

ಇಷ್ಟು ಹೇಳುವಷ್ಟರಲ್ಲಿ ಹುಡುಗರ ಕಣ್ಣು ಅಗಲವಾಗಿರುತ್ತದೆ. ನಾನು ಹೇಳಬೇಕೆಂದಿರುವ ಭಾಗ ಶುರುವಾಗುವುದು ಆಮೇಲೆ.

1988, ಸೋಲ್ ಒಲಿಂಪಿಕ್ಸ್. ವಯಸ್ಸು ಇಪ್ಪತ್ತೈದು. ಜಿಮ್ನಾಸ್ಟಿಕ್ಸ್‌ನಲ್ಲಿ ಅದು ಚಿಕ್ಕ ವಯಸ್ಸಲ್ಲ. ಮೈ ಹಳೆಯ ಹಾಗೆ ಮಾತು ಕೇಳಲಿಲ್ಲ. ತಾನೇ ಚಾಂಪಿಯನ್ ಆಗಿದ್ದ ರಿಂಗ್ಸ್‌ನಲ್ಲೇ ಬಿದ್ದರು. ಓಡಿ ಬಂದು ದಿಮ್ಮಿಯ ಮೇಲೆ ಕೈಯೂರಿ ಹಾರುವ ವಾಲ್ಟ್‌ನಲ್ಲೂ ಬಿದ್ದರು. ಎದ್ದು ನಿಂತರು, ನಕ್ಕರು.

ಆ ನಗುವನ್ನೇ ಅವರ ದೇಶದ ಜನ ಕ್ಷಮಿಸಲಿಲ್ಲ. ಸೋತು ನಗುತ್ತಾನಲ್ಲ, ನಾಚಿಕೆ ಇಲ್ಲವಾ ಅಂತ ಬೈದರು. ನಾಲ್ಕು ವರ್ಷದ ಹಿಂದೆ ಹೊತ್ತು ಮೆರೆಸಿದವನನ್ನು! ನನಗೆ ಇದು ಇವತ್ತಿಗೂ ಸಂಕಟದ ವಿಷಯ. ಅಷ್ಟು ಜನರ ಎದುರು ಬಿದ್ದವನು ಅಳಲೇಬೇಕು ಅಂತ ಯಾಕೆ ಕೇಳಬೇಕು? ಅಲ್ಲಿ ಕುಸಿಯದೆ ನಿಂತಿದ್ದೇ ದೊಡ್ಡದು.

ಅದೇ ವರ್ಷ ನಿವೃತ್ತಿ. ಜಿಯಾನ್‌ಲಿಬಾವೊ ಎಂಬ ತಂಪು ಪಾನೀಯದ ಕಂಪನಿ ಸೇರಿದರು. 1990ರಲ್ಲಿ ತಮ್ಮದೇ ಹೆಸರಿನಲ್ಲಿ ಕ್ರೀಡಾ ಉಡುಪಿನ ಕಂಪನಿ ಶುರು ಮಾಡಿದರು. ಎರಡೇ ವರ್ಷಕ್ಕೆ, ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಪದಕ ಹಾಕಿಸಿಕೊಳ್ಳಲು ನಿಂತ ಚೀನೀ ಆಟಗಾರರ ಮೈಮೇಲೆ ಅದೇ ಉಡುಪು. ಬ್ಯಾಡ್ಮಿಂಟನ್ ಬಂದದ್ದು ಎಷ್ಟೋ ವರ್ಷದ ನಂತರ. ನಮ್ಮ ಪಿ.ವಿ. ಸಿಂಧು ಕೂಡ ಅವರ ರಾಕೆಟ್ ಹಿಡಿದು ಆಡಿದವರು. ವ್ಯಾಪಾರದ ವಿಷಯ ನಾನು ಇಷ್ಟಕ್ಕೇ ಬಿಡುತ್ತೇನೆ, ಹುಡುಗರಿಗೂ ಅದು ಬೇಕಿಲ್ಲ.

ಅವರಿಗೆ ಫೋನಿನಲ್ಲಿ ಒಂದು ವಿಡಿಯೊ ತೋರಿಸುತ್ತೇನೆ. 2008ರ ಆಗಸ್ಟ್ 8, ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ. ಕೊನೆಯದಾಗಿ ಜ್ಯೋತಿ ಬಂದದ್ದು ಲಿ ನಿಂಗ್ ಕೈಗೆ. ತಂತಿಗಳು ಅವರನ್ನು ಕ್ರೀಡಾಂಗಣದ ನೆತ್ತಿಯವರೆಗೆ ಎತ್ತುತ್ತವೆ. ಅಲ್ಲಿ ಗಾಳಿಯಲ್ಲಿ ಅಡ್ಡಲಾಗಿ, ಛಾವಣಿಯ ಅಂಚಿನುದ್ದಕ್ಕೂ ಒಂದು ಸುತ್ತು ಓಡುತ್ತಾರೆ. ನಲವತ್ತೈದನೇ ವಯಸ್ಸಿನಲ್ಲಿ! ಜ್ಯೋತಿ ಹಿಡಿದ ಕೈ ಮುಂದೆ ಚಾಚಿದೆ, ಹೆಜ್ಜೆ ನಿಧಾನ, ಅಳೆದು ಇಟ್ಟ ಹಾಗೆ.

‘ಬಿದ್ರೆ?’ ಅಂತ ಕಳೆದ ಭಾನುವಾರ ಒಬ್ಬ ಚಿಕ್ಕ ಹುಡುಗಿ ಕೇಳಿದಳು.

‘ಕೊನೆವರೆಗೂ ನೋಡು ಪುಟ್ಟಿ’ ಅಂದೆ. ಬತ್ತಿಗೆ ಕಿಡಿ ತಾಗಿ, ಬೆಂಕಿ ಸುರುಳಿ ಸುತ್ತುತ್ತ ಮೇಲೇರಿ ಆ ದೊಡ್ಡ ಜ್ಯೋತಿ ಹೊತ್ತಿಕೊಳ್ಳುವವರೆಗೂ ಅವಳು ಫೋನ್ ವಾಪಸ್ ಕೊಡಲಿಲ್ಲ.