ಹೊಂಡಕ್ಕೆ ಇಳಿದ ಪಾತಾಳಗರಡಿ

ಬೆಳಗಿನ ಜಾವ ಐದು ಗಂಟೆಗೇ ಅಪ್ಪ ಎಬ್ಬಿಸಿದರು. "ಮೀನೆಲ್ಲ ಮೇಲೆ ಬಂದು ಬಾಯಿ ಬಿಡ್ತಾ ಇವೆ, ಬೇಗ ಏಳು."

ಟಾರ್ಚ್ ಹಿಡಿದು ನಮ್ಮ ಮೀನಿನ ಹೊಂಡಕ್ಕೆ ಓಡಿದೆ. ಕಾಟ್ಲಾ, ರೋಹು ಎಲ್ಲ ಮೂತಿ ಮೇಲೆತ್ತಿ ಗಾಳಿ ಗುಟುಕರಿಸುತ್ತಿದ್ದವು. ಮೂರು ದಿನದಿಂದ ಮೋಡ. ಬಿಸಿಲಿಲ್ಲದೆ ಪಾಚಿ ಆಮ್ಲಜನಕ ಕೊಡಲ್ಲ, ರಾತ್ರಿ ಅದೂ ಉಸಿರಾಡಿ ಇದ್ದದ್ದನ್ನೂ ಖಾಲಿ ಮಾಡುತ್ತದೆ. ನಸುಕಿನ ಹೊತ್ತಿಗೆ ಮೀನಿಗೆ ಉಸಿರೇ ಇರಲ್ಲ.

ಅದಕ್ಕೆಂದೇ ನೀರಿಗೆ ಗಾಳಿ ಊದುವ ಏರೇಟರ್ ಹಾಕಿಸಿದ್ದೆವು. ದಡದಲ್ಲಿ ಬ್ಲೋಯರ್, ಅಲ್ಲಿಂದ ಪೈಪು, ಹತ್ತು ಅಡಿ ನೀರಿನ ತಳದಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ರಬ್ಬರ್ ತಟ್ಟೆ. ಬ್ಲೋಯರ್ ಓಡುತ್ತಲೇ ಇತ್ತು, ಮುಟ್ಟಿದರೆ ಕೈ ಸುಡುವಷ್ಟು ಬಿಸಿ. ನೀರಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ದಪ್ಪ ಗುಳ್ಳೆ. ತಟ್ಟೆ ಕಟ್ಟಿಕೊಂಡಿದೆ, ಇನ್ನೇನಿಲ್ಲ. ಸದ್ಯಕ್ಕೆ ಬೋರ್ ನೀರನ್ನು ಎತ್ತರದಿಂದ ಚಿಮ್ಮಿಸಿ ಬಿಟ್ಟೆವು. ಹೊತ್ತೇರುತ್ತಿದ್ದಂತೆ ಮೀನು ಕೆಳಗಿಳಿದವು.

ತಟ್ಟೆ ಎತ್ತೋಣ ಅಂದರೆ ಹಗ್ಗವೇ ಇಲ್ಲ! ಬಿಸಿಲಿಗೆ ನೂಲು ಪುಡಿಯಾಗಿ, ಅದಕ್ಕೆ ಕಟ್ಟಿದ್ದ ಖಾಲಿ ಕ್ಯಾನು ಮೂಲೆಯಲ್ಲಿ ತೇಲುತ್ತಿತ್ತು. ಬದಲಾಯಿಸಬೇಕು ಅಂತ ಎರಡು ತಿಂಗಳಿಂದ ಅಂದುಕೊಳ್ಳುತ್ತಲೇ ಇದ್ದೆ. ಪೈಪು ಹಿಡಿದು ಎಳೆದರೆ ಕ್ಲಾಂಪು ಕಳಚಿಕೊಂಡರೆ ಗತಿಯೇನು?

ಅಪ್ಪ ಅಟ್ಟ ಹತ್ತಿ ಪಾತಾಳಗರಡಿ ಇಳಿಸಿಕೊಂಡು ಬಂದರು. ಬಾವಿಗೆ ಬಿದ್ದ ಬಿಂದಿಗೆ ಎತ್ತಲು ಅಜ್ಜಿ ಊರಿಗೆಲ್ಲ ಎರವಲು ಕೊಡುತ್ತಿದ್ದ ಕಬ್ಬಿಣದ ಕೊಕ್ಕೆಗಳ ಗೊಂಚಲು. ಬಾವಿ ಬತ್ತಿ ಎಷ್ಟೋ ವರ್ಷವಾಯಿತು. ನನಗೆ ಎದೆ ಧಸಕ್ಕೆಂದಿತು. "ಅಪ್ಪಾ, ಕೆಳಗೆ ಪ್ಲಾಸ್ಟಿಕ್ ಹಾಳೆ ಇದೆ! ಹರಿದರೆ ನೀರೆಲ್ಲ ಹೋಗುತ್ತೆ." ನಮ್ಮದು ಮುಳಬಾಗಿಲು ಕಡೆಯ ಕೆಮ್ಮಣ್ಣು, ಹಾಳೆ ಇಲ್ಲದಿದ್ದರೆ ಹೊಂಡದಲ್ಲಿ ನೀರೇ ನಿಲ್ಲಲ್ಲ.

ಅವರು ಮಾತಾಡಲಿಲ್ಲ. ಹಳೇ ಸೈಕಲ್ ಟ್ಯೂಬು ಕತ್ತರಿಸಿ ಒಂದೊಂದೇ ಕೊಕ್ಕೆಯ ತುದಿಗೆ ಸುತ್ತಿದರು.

ಬ್ಲೋಯರ್ ಆಫ್ ಮಾಡುವ ಮೊದಲು ಗುಳ್ಳೆ ಏಳುವ ಜಾಗಕ್ಕೆ ನೇರವಾಗಿ ಎರಡು ದಡದಲ್ಲೂ ಕೋಲು ನೆಟ್ಟೆ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಲಾರಿ ಟ್ಯೂಬಿನ ಮೇಲೆ ಹೋದೆ. ಹಗ್ಗದ ತುದಿ ಅಪ್ಪನ ಕೈಯಲ್ಲಿ. ಈ ಹಾಳೆಯ ಇಳಿಜಾರು ಬೆಣ್ಣೆ ಸವರಿದಂತೆ ಜಾರುತ್ತದೆ, ಈಜು ಬಂದವರೂ ಹತ್ತಲಾರದೆ ಪ್ರಾಣ ಬಿಟ್ಟಿದ್ದಾರೆ. ಗರಡಿಯನ್ನು ಎಳೆದಾಡದೆ ಪೈಪಿನ ಪಕ್ಕದಲ್ಲೇ ನೆಟ್ಟಗೆ ಇಳಿಸಿ, ಸ್ವಲ್ಪ ತಿರುಗಿಸಿ ಎತ್ತುವುದು. ನಾಲ್ಕು ಸಲ ಬರೀ ಕೆಸರು. ಐದನೇ ಸಲಕ್ಕೆ ಕೈಗೆ ಭಾರ ಸಿಕ್ಕಿತು.

ದಡಕ್ಕೆ ಬಂದಾಗ ಮೂಗು ಮುಚ್ಚಿಕೊಳ್ಳಬೇಕಾಯಿತು. ಕರೀ ಹೂಳು, ಕೊಳೆತ ಮೊಟ್ಟೆ ವಾಸನೆ. ಉಜ್ಜಿದರೆ ಒಳಗೆ ಬಿಳೀ ಪೊರೆ, ನಮ್ಮನೆ ಗೀಸರ್ ಕಾಯಿಲ್ ಮೇಲೆ ಕೂರುತ್ತಲ್ಲ, ಅದೇ. ಬೋರ್ ನೀರಿನ ಸುಣ್ಣ. ರಬ್ಬರ್ ತುಂಬ ಸಣ್ಣ ಸಣ್ಣ ಸೀಳುಗಳಿರುತ್ತವೆ. ಗಾಳಿ ಬಂದರೆ ತೆರೆಯಬೇಕು, ನಿಂತರೆ ಮುಚ್ಚಬೇಕು. ನಮ್ಮದರಲ್ಲಿ ಮುಕ್ಕಾಲು ಪಾಲು ಅಂಟಿಕೊಂಡಿತ್ತು. ಪಿನ್ನು ಹಾಕಿ ಬಿಡಿಸಲು ಹೋದೆ, ಅಮ್ಮ ಬೈದಳು: "ತೂತು ದೊಡ್ಡದಾಗಲ್ವಾ?" ಅಡುಗೆಮನೆಯಿಂದ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಪುಡಿ, ತಂದು ಬಕೆಟ್ ನೀರಿಗೆ ಹಾಕಿದಳು. ತಟ್ಟೆ ಮುಳುಗಿಸಿದರೆ ಸಣ್ಣಗೆ ಬುಸುಬುಸು. ಸಂಜೆ ಹಳೇ ಹಲ್ಲುಜ್ಜೋ ಬ್ರಷ್ಷಿನಲ್ಲಿ ಮೆತ್ತಗೆ ತಿಕ್ಕಿದೆ, ರಬ್ಬರ್ ಕರ್ರಗೆ ಮಿಂಚಿತು.

ವಾಪಸ್ ಬಿಟ್ಟದ್ದು ಮಾರನೇ ದಿನ, ಬಿಸಿಲು ಬಂದ ಮೇಲೆ. ಈ ಸಲ ಎರಡು ಹಗ್ಗ. ಮೊದಲ ದಿನ ಅರ್ಧ ಗಂಟೆ ಮಾತ್ರ ಓಡಿಸಿದೆವು. ಒಮ್ಮೆಲೇ ಬಿಟ್ಟರೆ ತಳದ ಕೊಳೆಯೆಲ್ಲ ಕದಡಿ ಇದ್ದ ಮೀನೂ ಸಾಯಬಹುದು. ಸಾಸಿವೆಯಂಥ ಗುಳ್ಳೆ ಬುರುಬುರು ಎದ್ದವು.

ಅಪ್ಪ ಪಾತಾಳಗರಡಿಯನ್ನು ಅಟ್ಟಕ್ಕೆ ಹಾಕಲಿಲ್ಲ. ಪಂಪ್‌ಹೌಸಿನ ಮೊಳೆಗೆ ನೇತುಹಾಕಿದ್ದಾರೆ, ಸೈಕಲ್ ಟ್ಯೂಬು ಬಿಚ್ಚದೆ.